ನಗುವವರು ಬೇರೆ, ಕರೆಸುವವರು ಬೇರೆ

ಗಣೇಶನ ಹಬ್ಬಕ್ಕೆ ಇನ್ನೂ ಒಂದೂವರೆ ತಿಂಗಳು ಇರುವಾಗಲೇ ಬಡಾವಣೆಯ ಸಮಿತಿಯವರು ದೇವಸ್ಥಾನದ ಜಗಲಿಯಲ್ಲಿ ಸೇರುತ್ತಾರೆ. ಪೆಂಡಾಲ್, ಮೈಕ್‌ಸೆಟ್, ಆರ್ಕೆಸ್ಟ್ರಾಗಳ ಮಾತು ಮುಗಿದ ಮೇಲೆ ‘ಹಾಸ್ಯಕ್ಕೆ ಯಾರನ್ನು ಕರೆಸೋಣ?’ ಎಂಬ ವಿಷಯ ಬರುತ್ತದೆ. ಒಬ್ಬ ಹುಡುಗ ಫೋನ್ ತೆಗೆದು ಒಂದು ರೀಲ್ ತೋರಿಸುತ್ತಾನೆ. ಎಲ್ಲರೂ ನಗುತ್ತಾರೆ. ಖಜಾಂಚಿಯೂ ನಗುತ್ತಾರೆ, ಆಮೇಲೆ ಕೇಳುತ್ತಾರೆ: ‘ಇದು ಅರ್ಧ ನಿಮಿಷ ಆಯ್ತು. ಒಂದು ಗಂಟೆ ಜನರನ್ನು ಕೂರಿಸ್ತಾರಾ? ಹೆಂಗಸರು, ಮಕ್ಕಳು, ವಯಸ್ಸಾದವರು ಎಲ್ಲ ಇರ್ತಾರೆ.’

ಸೋಷಿಯಲ್ ಮೀಡಿಯಾದಿಂದ ಕಾರ್ಯಕ್ರಮ ಪಡೆಯುವ ವಿಚಾರದಲ್ಲಿ ಹಾಸ್ಯ ಕಲಾವಿದರಿಗೂ ನಿರೂಪಕರಿಗೂ ಇರುವ ತಪ್ಪು ಕಲ್ಪನೆಗಳು ಹೆಚ್ಚಾಗಿ ಈ ಖಜಾಂಚಿಯನ್ನು ಮರೆತದ್ದರಿಂದ ಹುಟ್ಟಿದವು. ರೀಲ್ ನೋಡಿ ನಗುವವರು ಬೇರೆ, ಮುಂಗಡ ಕೊಟ್ಟು ಕರೆಸುವವರು ಬೇರೆ. ಸಮಿತಿಯ ಕಾರ್ಯದರ್ಶಿ, ಕಂಪನಿಯ ಎಚ್‌ಆರ್, ಮದುಮಗಳ ಸೋದರಮಾವ, ಕಾಲೇಜಿನ ಸಾಂಸ್ಕೃತಿಕ ಸಂಚಾಲಕರು ಕರೆಸುವವರ ಸಾಲಿಗೆ ಸೇರುತ್ತಾರೆ. ಕಾರ್ಯಕ್ರಮ ಕೆಟ್ಟರೆ ಊರಿನವರೆದುರು ತಲೆ ತಗ್ಗಿಸಬೇಕಾದವರೂ ಇವರೇ.

‘ಲಕ್ಷ ಫಾಲೋವರ್ಸ್ ಆಗಲಿ, ಆಮೇಲೆ ಫೋನ್ ತಾನಾಗಿ ಬರುತ್ತದೆ’ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ. ಆದರೆ ದಾವಣಗೆರೆಯ ಆರತಕ್ಷತೆಗೆ ನಿರೂಪಕಿ ಬೇಕಾದವರು ದೆಹಲಿಯಲ್ಲಿ ಎಷ್ಟು ಜನ ಆಕೆಯನ್ನು ಹಿಂಬಾಲಿಸುತ್ತಾರೆಂದು ನೋಡುವುದಿಲ್ಲ. ಇನ್‌ಸ್ಟಾಗ್ರಾಂನ ಪ್ರೊಫೆಷನಲ್ ಖಾತೆಯ ಇನ್‌ಸೈಟ್ಸ್‌ನಲ್ಲಿ ನೋಡುಗರು ಯಾವ ಊರಿನವರು ಎಂಬುದು ಸಿಗುತ್ತದೆ. ದಾವಣಗೆರೆ, ಹರಿಹರ, ಚಿತ್ರದುರ್ಗ ಆ ಪಟ್ಟಿಯಲ್ಲಿದ್ದರೆ ಎರಡು ಸಾವಿರ ಫಾಲೋವರ್ಸ್ ಕೂಡ ಒಳ್ಳೆಯ ಬಂಡವಾಳ. ದುಡ್ಡು ಕೊಟ್ಟು ಕೊಂಡ ಫಾಲೋವರ್ಸ್ ಅಂತೂ ಬರೀ ನಷ್ಟ. 2020ರಲ್ಲಿ ಮುಂಬೈ ಪೊಲೀಸರು ನಕಲಿ ಫಾಲೋವರ್ಸ್ ಮಾರುವ ಜಾಲದ ತನಿಖೆಗೇ ಇಳಿದಿದ್ದರು. ಐವತ್ತು ಸಾವಿರ ಫಾಲೋವರ್ಸ್ ಇರುವ ಖಾತೆಯಲ್ಲಿ ಒಂದು ವಿಡಿಯೊಗೆ ಮೂವತ್ತು ಲೈಕ್ ಬಿದ್ದಿದ್ದರೆ ಯಾವ ಈವೆಂಟ್ ಮ್ಯಾನೇಜರ್‌ಗೂ ಅರ್ಥವಾಗುತ್ತದೆ.

ಒಂದು ವಿಡಿಯೊ ವೈರಲ್ ಆದರೆ ಸಾಕು ಎನ್ನುವವರು ಹಾಸ್ಯ ಕಲಾವಿದ ದಾನಿಶ್ ಸೇಠ್ ಹೆಸರು ಹೇಳುತ್ತಾರೆ. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲೇ ಫೋನ್ ಹಿಡಿದು, ಹಲವು ಪಾತ್ರಗಳನ್ನು ಒಬ್ಬರೇ ಮಾಡಿದ ಅವರ ವಿಡಿಯೊಗಳು ಬೆಂಗಳೂರಿನಾಚೆಗೂ ಓಡಿದವು ನಿಜ. ಆದರೆ ಅದಕ್ಕೂ ಮೊದಲು ಅವರು ರೇಡಿಯೊದಲ್ಲಿ ವರ್ಷಗಟ್ಟಲೆ ಪ್ರ್ಯಾಂಕ್ ಕಾಲ್ ಮಾಡಿದ್ದರು, ಇಂಪ್ರೊವ್ ಎಂಬ ಆಶು ರಂಗಭೂಮಿಯಲ್ಲಿ ಪಳಗಿದ್ದರು, ನಿರೂಪಣೆ ಮಾಡಿದ್ದರು. ರೇಡಿಯೊದಲ್ಲಿ ಹುಟ್ಟಿದ ನೊಗ್‌ರಾಜ್ ಪಾತ್ರ 2018ರಲ್ಲೇ ಸಿನಿಮಾ ಆಗಿತ್ತು. ಆ ಪುಟ್ಟ ವಿಡಿಯೊಗಳ ಹಿಂದೆ ಇಷ್ಟು ವರ್ಷಗಳ ಅಭ್ಯಾಸವಿತ್ತು. ಇಂಥ ಅಭ್ಯಾಸವಿಲ್ಲದೆ ವೈರಲ್ ಆದವರಿಗೂ ಮೊದಲ ಕರೆ ಬರುತ್ತದೆ. ವೇದಿಕೆಯ ಮೇಲೆ ಹತ್ತು ನಿಮಿಷಕ್ಕೇ ಸರಕು ಮುಗಿದರೆ ಅದೇ ಊರಿನಿಂದ ಎರಡನೇ ಕರೆ ಬರುವುದಿಲ್ಲ.

ಖಜಾಂಚಿಯ ಪ್ರಶ್ನೆಗೆ ಉತ್ತರ ಕೊಡುವುದು ಕತ್ತರಿಸದ ವಿಡಿಯೊ. ನಿಜವಾದ ಸಭೆ, ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಮಧ್ಯದಲ್ಲಿ ಅಳುವ ಒಂದು ಮಗು, ಒಮ್ಮೆ ಕೈಕೊಟ್ಟ ಮೈಕು, ಅದನ್ನೂ ನಗೆಯಾಗಿ ತಿರುಗಿಸಿ ಮುಂದೆ ಹೋದ ಕಲಾವಿದ. ಇಂಥ ಐದಾರು ನಿಮಿಷವನ್ನು ಯೂಟ್ಯೂಬಿಗೆ ಹಾಕಿ ಪ್ರೊಫೈಲಿನ ಮೇಲ್ಭಾಗದಲ್ಲೇ ಅದರ ಲಿಂಕ್ ಕೊಟ್ಟರೆ, ಹಿನ್ನೆಲೆ ಸಂಗೀತ ಸೇರಿಸಿ ಚಂದ ಮಾಡಿದ ಹತ್ತು ರೀಲ್‌ಗಳಿಗಿಂತ ಅದೇ ಹೆಚ್ಚು ಕೆಲಸ ಮಾಡುತ್ತದೆ.

ಇಲ್ಲೇ ಇನ್ನೊಂದು ಭಯ ಎದ್ದು ನಿಲ್ಲುತ್ತದೆ: ‘ಜೋಕು ಆನ್‌ಲೈನ್‌ನಲ್ಲಿ ಹಾಕಿದರೆ ಖರ್ಚಾಗಿಹೋಗುತ್ತದೆ.’ ಕನ್ನಡದ ಅನುಭವ ಬೇರೆಯೇ ಹೇಳುತ್ತದೆ. ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶ್ ಅವರ ಮಾತುಗಳು ಕ್ಯಾಸೆಟ್ಟಿನಲ್ಲಿ, ಬಳಿಕ ಸಿ.ಡಿ.ಯಲ್ಲಿ, ಈಗ ಯೂಟ್ಯೂಬಿನಲ್ಲಿ ಮನೆಮನೆಗೆ ಹೋಗಿವೆ. ಅಷ್ಟಾದರೂ ಅವರ ಸಭೆಗಳು ಬರಿದಾಗಲಿಲ್ಲ. ಕಿವಿಯಲ್ಲಿ ಕೇಳಿದ್ದನ್ನು ಎದುರಿಗೆ ನೋಡಬೇಕು ಎಂಬ ಆಸೆ ನಮ್ಮ ಜನರಿಗೆ ಹರಿಕಥೆ, ಯಕ್ಷಗಾನಗಳ ಕಾಲದಿಂದಲೂ ಇದೆ. ಕಥೆ ಗೊತ್ತಿದ್ದೇ ಬರುತ್ತಾರೆ. ಸ್ಟ್ಯಾಂಡಪ್‌ನಲ್ಲಿ ಮಾತ್ರ ಈ ಭಯಕ್ಕೆ ಸ್ವಲ್ಪ ಕಾರಣವಿದೆ, ಏಕೆಂದರೆ ಅಲ್ಲಿ ಟಿಕೆಟ್ ಕೊಂಡವರು ಹೊಸದನ್ನು ಬಯಸುತ್ತಾರೆ. ಅಮೆರಿಕದ ಸ್ಟ್ಯಾಂಡಪ್ ಕಲಾವಿದ ಮ್ಯಾಟ್ ರೈಫ್ 2022ರಲ್ಲಿ ಟಿಕ್‌ಟಾಕ್‌ನಿಂದ ಹೆಸರಾದಾಗ ಓಡಿದ್ದು ಸಭಿಕರ ಜತೆ ಆ ಕ್ಷಣದಲ್ಲಿ ನಡೆದ ಮಾತುಕತೆಯ ತುಣುಕುಗಳು. ಬರೆದಿಟ್ಟ ಜೋಕುಗಳು ವೇದಿಕೆಗೆ ಉಳಿದವು. ನಿರೂಪಕರಿಗೂ ಇದು ಹೊಂದುತ್ತದೆ: ಸಭೆಯನ್ನು ಮಾತಾಡಿಸುವ ಬಗೆ ಒಂದು ನಿಮಿಷದಲ್ಲೇ ಗೊತ್ತಾಗುತ್ತದೆ.

ದಿನಕ್ಕೊಂದು ಪೋಸ್ಟ್, ಅದಕ್ಕಷ್ಟು ಹ್ಯಾಶ್‌ಟ್ಯಾಗ್ ಎಂಬ ನೇಮಕ್ಕೆ ಬಿದ್ದವರು ಆಯಾಸ ಪಡುವುದೇ ಹೆಚ್ಚು. ಎಷ್ಟು ಹೊತ್ತು ನೋಡಿದರು, ಎಷ್ಟು ಲೈಕ್ ಬಂತು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು ಎಂಬ ಮೂರೇ ಮುಖ್ಯ ಎಂದು ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸೆರಿ 2025ರ ಆರಂಭದಲ್ಲೇ ಹೇಳಿದ್ದಾರೆ. ಹೊಸಬರನ್ನು ತಲುಪಲು ‘ಕಳಿಸುವುದು’ ಹೆಚ್ಚು ತೂಗುತ್ತದೆ.

ಪೋಸ್ಟುಗಳಿಗಿಂತ ಲೆಕ್ಕ ಇಡಬೇಕಾದದ್ದು ಪಂಚಾಂಗದ್ದು. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲ. ಆದರೆ ಡಿಸೆಂಬರಿನಲ್ಲಿ ಕಂಪನಿಗಳ ವರ್ಷಾಂತ್ಯದ ಕೂಟಗಳಿವೆ. ಭಾದ್ರಪದಕ್ಕೆ ಗಣೇಶೋತ್ಸವ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಫೆಬ್ರುವರಿ–ಮಾರ್ಚಿಗೆ ಕಾಲೇಜು ವಾರ್ಷಿಕೋತ್ಸವ. ಹಳೆಯ ರಾಜ್ಯೋತ್ಸವದ ನಿರೂಪಣೆಯ ತುಣುಕನ್ನು ನವೆಂಬರ್ 1ಕ್ಕೆ ಹಾಕಿದರೆ ತಡವಾಯಿತು. ಸಂಘದವರು ಹೆಸರು ಹುಡುಕುವ ಸೆಪ್ಟೆಂಬರ್ ಕೊನೆಗೆ ಅದು ಕಾಣಬೇಕು.

ಕನ್ನಡದಲ್ಲಿ ಮಾತಾಡಿದರೆ ಮಾರುಕಟ್ಟೆ ಚಿಕ್ಕದು, ಇಂಗ್ಲಿಷ್ ಬೆರೆಸಲೇಬೇಕು ಎಂಬುದನ್ನು ಒಪ್ಪಲು ಸಾಧ್ಯವೇ ಇಲ್ಲ. ಪ್ರಾಣೇಶ್ ಅವರ ಹೆಸರು ಬೆಳೆದದ್ದು ಉತ್ತರ ಕರ್ನಾಟಕದ ಮಾತಿನ ಮೇಲೆಯೇ. 2024ರಲ್ಲಿ ತೀರಿಕೊಂಡ ನಿರೂಪಕಿ ಅಪರ್ಣಾ ಅವರನ್ನು ನಾಡು ಗುರುತಿಸಿದ್ದು ಸ್ವಚ್ಛ ಉಚ್ಚಾರದಿಂದ. ನಮ್ಮ ಮೆಟ್ರೊದ ಕನ್ನಡ ಪ್ರಕಟಣೆಗಳಲ್ಲಿ ಕೇಳಿಸಿದ್ದು ಅವರದೇ ದನಿ. ಅಮೆರಿಕದ ಕನ್ನಡಿಗರ ‘ಅಕ್ಕ’ ಸಮ್ಮೇಳನಕ್ಕಾಗಲಿ ಕೊಲ್ಲಿ ದೇಶಗಳ ಕನ್ನಡ ಸಂಘಗಳಿಗಾಗಲಿ ಬೇಕಾದದ್ದು ಊರಿನ ಕನ್ನಡ.

ಇನ್ನು ‘ಫೇಸ್‌ಬುಕ್, ಇನ್‌ಸ್ಟಾ ಇದೆಯಲ್ಲ, ಬೇರೇನೂ ಬೇಡ’ ಎಂಬ ನಿಶ್ಚಿಂತೆ. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ಮಾತ್ರ ಇದ್ದವರ ವರ್ಷಗಳ ಶ್ರಮ ಆ ವಾರದಲ್ಲೇ ಕೈಬಿಟ್ಟುಹೋಯಿತು. ಕರೆಸಿದವರ ಹೆಸರು, ಊರು, ಫೋನ್ ನಂಬರ್ ಒಂದು ನೋಟ್‌ಬುಕ್ಕಿನಲ್ಲಿ ಇದ್ದರೆ ಅದನ್ನು ಯಾವ ನಿಷೇಧವೂ ಅಳಿಸಲಾರದು. ಪ್ರೊಫೈಲಿನಲ್ಲಿ ಊರು, ಭಾಷೆ, ವಾಟ್ಸ್ಆಪ್ ನಂಬರ್ ಇರಲೇಬೇಕು. ಎಷ್ಟೋ ಕಲಾವಿದರ ಪುಟದಲ್ಲಿ ಸುಂದರವಾದ ಫೋಟೊ ಇರುತ್ತದೆ, ಸಂಪರ್ಕಿಸುವ ದಾರಿಯೇ ಇರುವುದಿಲ್ಲ. ಇದು ನಿಜಕ್ಕೂ ಸಂಕಟದ ಸಂಗತಿ.

ಅದಕ್ಕಿಂತ ಹೆಚ್ಚಿನ ಸಂಕಟ ಇನ್ನೊಂದಿದೆ. ಇನ್‌ಸ್ಟಾಗ್ರಾಂನಲ್ಲಿ ಅಪರಿಚಿತರು ಬರೆದ ಸಂದೇಶ ಸಾಮಾನ್ಯವಾಗಿ ಇನ್‌ಬಾಕ್ಸಿಗೆ ಬರದೆ ‘ರಿಕ್ವೆಸ್ಟ್ಸ್’ ಎಂಬ ಬೇರೆ ಪೆಟ್ಟಿಗೆಗೆ ಹೋಗುತ್ತದೆ. ಕರೆಸುವವರು ಬಹುತೇಕ ಅಪರಿಚಿತರೇ. ‘ಸರ್, 14ನೇ ತಾರೀಖು ನಮ್ಮೂರಲ್ಲಿ ಕಾರ್ಯಕ್ರಮ, ಬರ್ತೀರಾ?’ ಎಂಬ ಸಂದೇಶ ಅಲ್ಲಿ ಬಿದ್ದಿದ್ದು, ಯಾರೂ ನೋಡದೆ ಆ ತಾರೀಖು ಕಳೆದುಹೋಗಬಹುದು. ವೇದಿಕೆಯನ್ನು ನಂಬಿ ಬದುಕುವವರು ಆ ಪೆಟ್ಟಿಗೆಯನ್ನು ಇವತ್ತೇ ತೆರೆದು ನೋಡಲಿ, ಮುಂದೆ ದಿನಕ್ಕೆರಡು ಸಲ ನೋಡಲಿ.