ದಟ್ಟಣೆಗೆ ದರ: ಬಸ್ಸು ಮೊದಲು, ಶುಲ್ಕ ಆಮೇಲೆ

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದೇ ಸಾಲು. ಬಸ್ಸು, ಬೈಕು, ಕಾರುಗಳೂ ಅದರ ನಡುವೆಯೇ ಸಾಗಬೇಕು.

ನಗರಗಳ ದಟ್ಟಣೆಗೆ ಜಗತ್ತು ಕಂಡುಕೊಂಡ ಒಂದು ಮದ್ದು 'ದಟ್ಟಣೆ ಶುಲ್ಕ'. ಕಿಕ್ಕಿರಿದ ಹೊತ್ತಿನಲ್ಲಿ ನಗರದ ನಡುಭಾಗ ಪ್ರವೇಶಿಸುವ ವಾಹನ ಹಣ ತೆರಬೇಕು. ತುರ್ತಿಲ್ಲದವರು ಸಮಯ ಬದಲಿಸುತ್ತಾರೆ, ಇಲ್ಲವೇ ಬಸ್ಸು ಹತ್ತುತ್ತಾರೆ. ಸಿಂಗಪುರ 1975ರಲ್ಲಿ, ಲಂಡನ್ 2003ರಲ್ಲಿ ಇದನ್ನು ಜಾರಿಗೆ ತಂದವು. ಸ್ಟಾಕ್‌ಹೋಮ್‌ನಲ್ಲಿ 2006ರ ಪ್ರಯೋಗದ ವೇಳೆ ಶುಲ್ಕ ವಲಯದ ವಾಹನ ಸಂಚಾರ ಸುಮಾರು ಶೇ 20ರಷ್ಟು ಇಳಿಯಿತು. ಅಲ್ಲಿ ಶುಲ್ಕಕ್ಕೆ ಮೊದಲೇ ಹೆಚ್ಚುವರಿ ಬಸ್ಸುಗಳು ರಸ್ತೆಗಿಳಿದಿದ್ದವು ಎಂಬುದು ಗಮನಾರ್ಹ.

ಗಡಿ ಜಿಲ್ಲೆಯ ಈ ಪಟ್ಟಣಗಳಿಗೆ ಶುಲ್ಕದ ಲೆಕ್ಕ ನೇರವಾಗಿ ಹೊಂದದು. ಕಬ್ಬು ಬಸ್ಸಿನಲ್ಲಿ ಹೋಗುವುದಿಲ್ಲ; ಸಂತೆಗೆ ಬರುವ ರೈತ ಬೈಕು ಬಿಡಬೇಕಾದರೆ ವೇಳೆಗೆ ಸರಿಯಾಗಿ ಬಸ್ಸು ಬರಬೇಕು. 2023ರ ಜೂನ್ 11ರಂದು ಆರಂಭವಾದ 'ಶಕ್ತಿ' ಯೋಜನೆ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳ ಪ್ರಯಾಣವನ್ನು ಉಚಿತಗೊಳಿಸಿತು. ಆದರೆ ಟಿಕೆಟ್ ಉಚಿತವಾದ ಮಾತ್ರಕ್ಕೆ ಬಸ್ಸಿನಲ್ಲಿ ಜಾಗ ಹೆಚ್ಚುವುದಿಲ್ಲ. ಶಾಲೆ, ಸಂತೆಯ ಹೊತ್ತಿಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಹೆಚ್ಚು ಬಸ್ಸುಗಳು, ಕಬ್ಬಿನ ಗಾಡಿಗಳಿಗೆ ಬೇರೆ ವೇಳೆ, ಪೇಟೆ ಬೀದಿಯಲ್ಲಿ ನಿಲುಗಡೆ ಶುಲ್ಕ: ಇಲ್ಲಿಗೆ ಒಗ್ಗುವ ಕ್ರಮ ಇದೇ. ಪರ್ಯಾಯ ಕೊಡದೆ ವಿಧಿಸುವ ಶುಲ್ಕ ದಟ್ಟಣೆಯನ್ನು ಇಳಿಸದು, ಬಡವನ ಜೇಬನ್ನಷ್ಟೇ ಹಗುರ ಮಾಡೀತು.