ಗಡ್ಡೆಗೆ ಸಿಗುವ ರಕ್ತದ ಲೆಕ್ಕ

ಚಂದಾಪುರ, ಸೇಡಂ, ವಾಡಿ, ಶಹಾಬಾದ್ ಕಡೆಯ ಕ್ಯಾನ್ಸರ್ ರೋಗಿ ಕಲಬುರಗಿಯ ಕಿದ್ವಾಯಿ ಶಾಖೆಗೋ ಹೈದರಾಬಾದಿಗೋ ಹೋಗಿ ಎರಡನೇ ಸ್ಕ್ಯಾನ್ ಮಾಡಿಸಿಕೊಂಡು ಬಂದರೆ ಮನೆಯವರು ಕೇಳುವುದು ಒಂದೇ ಮಾತು: 'ಗಡ್ಡಿ ಸಣ್ಣ ಆಗ್ಯಾದೇನು?' ವೈದ್ಯಲೋಕದ ಲೆಕ್ಕವೂ ಬಹುಮಟ್ಟಿಗೆ ಇದೇ. 2000ರಲ್ಲಿ ಬಂದ 'ರೆಸಿಸ್ಟ್' ಮಾನದಂಡದ ಪ್ರಕಾರ ಗಡ್ಡೆಗಳ ಅಳತೆಯ ಮೊತ್ತ ಶೇ 30ರಷ್ಟಾದರೂ ಇಳಿದರೆ ಮದ್ದು ಹಿಡಿದಿದೆ ಎಂದರ್ಥ. ಆದರೆ ಗಾತ್ರ ತಡವಾಗಿ ಬಂದು ಸಾಕ್ಷಿ ಹೇಳುತ್ತದೆ, ಕೆಲವೊಮ್ಮೆ ಸುಳ್ಳನ್ನೂ ಹೇಳುತ್ತದೆ. ಗಡ್ಡೆಯೊಳಗೆ ರಕ್ತ ಎಷ್ಟು ಹರಿಯುತ್ತಿದೆ ಎಂಬುದನ್ನೂ ಕೇಳಬೇಕು.

ಗಡ್ಡೆ ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಬೇಕಾದರೆ ತನಗೆಂದೇ ಹೊಸ ರಕ್ತನಾಳಗಳನ್ನು ಎಳೆದುಕೊಳ್ಳಲೇಬೇಕು ಎಂದು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ವಾದಿಸಿದರು. ಹಾಗೆ ಅವಸರದಲ್ಲಿ ಹುಟ್ಟಿದ ನಾಳಗಳು ಸೊಟ್ಟಗಿರುತ್ತವೆ, ಸೋರುತ್ತವೆ. ಕಾಲುವೆ ತುಂಬ ನೀರು ಬಿಟ್ಟರೂ ಒಡ್ಡು ಸೋರಿ ಕೊನೆಯ ಹೊಲ ಒಣಗುವಂತೆ, ಒಂದೇ ಗಡ್ಡೆಯ ಒಂದು ಭಾಗಕ್ಕೆ ರಕ್ತ ಧಾರಾಳ, ಇನ್ನೊಂದಕ್ಕೆ ಬರಗಾಲ. ರಕ್ತ ಮುಟ್ಟದ ಕಡೆ ಕೀಮೋ ಮದ್ದೂ ಸರಿಯಾಗಿ ಮುಟ್ಟದು. ಆಮ್ಲಜನಕವಿಲ್ಲದ ಜೀವಕೋಶಗಳನ್ನು ಕೊಲ್ಲಲು ಮೂರು ಪಟ್ಟಿನವರೆಗೂ ಹೆಚ್ಚು ವಿಕಿರಣ ಬೇಕಾದೀತು. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ರಕ್ತ ಕಡಿಮೆಯಿರುವ ಗಡ್ಡೆಗಳು ವಿಕಿರಣಕ್ಕೆ ಸುಲಭವಾಗಿ ಬಗ್ಗುವುದಿಲ್ಲ ಎಂದು ಎಂಆರ್‌ಐ ಅಧ್ಯಯನಗಳು ತೋರಿಸಿವೆ.

ಗಡ್ಡೆಯ ರಕ್ತವನ್ನು ಅಳೆಯುವ ಬಗೆ ಹೀಗೆ. ತೋಳಿನ ನಾಳಕ್ಕೆ ಯಂತ್ರದಿಂದ ಸೆಕೆಂಡಿಗೆ ನಾಲ್ಕೈದು ಮಿಲಿಲೀಟರ್ ವೇಗದಲ್ಲಿ ಕಾಂಟ್ರಾಸ್ಟ್ ಮದ್ದು ನುಗ್ಗಿಸುತ್ತಾರೆ. ಮೈ ಬಿಸಿಯಾದಂತೆ ಅನಿಸುತ್ತದೆ, ಅಲುಗಾಡಬಾರದು. ಸಿಟಿ ಯಂತ್ರ ಗಡ್ಡೆಯ ಅದೇ ಜಾಗವನ್ನು ಒಂದೆರಡು ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಚಿತ್ರಿಸುತ್ತದೆ. ಮದ್ದು ಬಂದಾಗ ಗಡ್ಡೆ ಬೆಳ್ಳಗಾಗುತ್ತದೆ, ಹೋದಾಗ ಮಂಕಾಗುತ್ತದೆ. ಆ ಏರಿಳಿತವನ್ನು ದೊಡ್ಡ ರಕ್ತನಾಳದ ಏರಿಳಿತದೊಂದಿಗೆ ತಾಳೆ ಹಾಕಿ, 100 ಮಿಲಿಲೀಟರ್ ಅಂಗಾಂಶಕ್ಕೆ ನಿಮಿಷಕ್ಕೆ ಎಷ್ಟು ರಕ್ತ ಎಂದು ಕಂಪ್ಯೂಟರ್ ಲೆಕ್ಕ ಕೊಡುತ್ತದೆ. ಎಂಆರ್‌ಐನಲ್ಲಿ ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ಮದ್ದು ಬಳಸಿ ನಾಳಗಳ ಸೋರಿಕೆಯನ್ನೂ ಅಳೆಯಬಹುದು.

ಇದರಿಂದ ಆಗುವ ಉಪಯೋಗವೇನು? ಜಠರ-ಕರುಳಿನ 'ಜಿಸ್ಟ್' ಗಡ್ಡೆಗೆ ಇಮ್ಯಾಟಿನಿಬ್ ಎಂಬ ಮದ್ದು ಕೊಟ್ಟಾಗ ಒಳಗಿನ ರಕ್ತನಾಳ ಬತ್ತಿ ಗಡ್ಡೆ ಸಾಯುತ್ತಿದ್ದರೂ ಗಾತ್ರ ಹಾಗೇ ಉಳಿಯಬಹುದು, ಕೆಲವೊಮ್ಮೆ ಹೆಚ್ಚಲೂಬಹುದು. ಗಾತ್ರವನ್ನೇ ನಂಬಿ ಮದ್ದು ನಿಲ್ಲಿಸಿದರೆ ಅನ್ಯಾಯ. ಅದಕ್ಕೇ 2007ರ 'ಚೋಯ್' ಮಾನದಂಡ ಸಿಟಿಯಲ್ಲಿ ಕಾಣುವ ಸಾಂದ್ರತೆ, ಅಂದರೆ ಗಡ್ಡೆಯ ಬಿಳುಪು, ಶೇ 15 ಇಳಿದರೂ ಫಲ ಎಂದು ಒಪ್ಪಿತು. ಯಕೃತ್ತಿನ ಕ್ಯಾನ್ಸರಿನಲ್ಲಿ ನಾಳ ಮುಚ್ಚುವ ಚಿಕಿತ್ಸೆಯ ನಂತರ ರಕ್ತ ಹರಿಯುವ ಭಾಗವನ್ನಷ್ಟೇ ಜೀವಂತ ಗಡ್ಡೆಯೆಂದು ಅಳೆಯುತ್ತಾರೆ. ವಿಕಿರಣ ಪಡೆದ ಮಿದುಳಿನಲ್ಲಿ ಕಾಣುವ ಹೊಸ ಕಲೆ ಮರಳಿ ಬಂದ ಗಡ್ಡೆಯೋ, ಸುಟ್ಟ ಅಂಗಾಂಶವೋ ಎಂದು ಬೇರ್ಪಡಿಸಲೂ ರಕ್ತದ ಪ್ರಮಾಣ ದೊಡ್ಡ ಸುಳಿವು.

ಆಕ್ಷೇಪಗಳೂ ಹಗುರವಲ್ಲ. ಸಿಟಿಯಲ್ಲಿ ಮತ್ತೆ ಮತ್ತೆ ಚಿತ್ರ ತೆಗೆದಷ್ಟೂ ವಿಕಿರಣ ಹೆಚ್ಚು. ಯಂತ್ರ ಬದಲಾದರೆ, ಲೆಕ್ಕದ ಸಾಫ್ಟ್‌ವೇರ್ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಇನ್ನೂ ಗಂಭೀರವಾದದ್ದು: ಬೆವಾಸಿಜುಮ್ಯಾಬ್ ಎಂಬ ಮದ್ದು ಮಿದುಳಿನ ಗಡ್ಡೆಯ ನಾಳಗಳ ಸೋರಿಕೆಯನ್ನು ಕಟ್ಟಿಬಿಡುತ್ತದೆ. ಚಿತ್ರ ಚೆಂದವಾಗುತ್ತದೆ, ಗಡ್ಡೆ ಮಾತ್ರ ಸದ್ದಿಲ್ಲದೆ ಹರಡುತ್ತಿರಬಹುದು. ಹಾಗಾಗಿ ರಕ್ತದ ಲೆಕ್ಕ ಒಂಟಿ ನ್ಯಾಯಾಧೀಶನಲ್ಲ. ತಾಲ್ಲೂಕಿನ ರೋಗಿಗೆ ಇದೆಲ್ಲ ದುಬಾರಿ ಎಂಬ ಮಾತೂ ಇದೆ. ಪ್ರತಿ ಗಡ್ಡೆಗೂ ಈ ಪರೀಕ್ಷೆ ಬೇಡ, ನಿಜ. ಆದರೆ ಫಲ ಕೊಡದ ಚಿಕಿತ್ಸೆಗೆ ಕೂಲಿ ಬಿಟ್ಟು ತಿಂಗಳುಗಟ್ಟಲೆ ಬಸ್ಸಿನಲ್ಲಿ ಓಡಾಡುವುದು ಅದಕ್ಕಿಂತ ದುಬಾರಿ. ಮಿದುಳು, ಯಕೃತ್ತಿನಂಥ ಕಡೆ ಗಾತ್ರದಿಂದ ತೀರ್ಮಾನ ಬಗೆಹರಿಯದಿದ್ದರೆ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತದೆಯೇ ಎಂದು ವೈದ್ಯರನ್ನು ಕೇಳಲು ಹಿಂಜರಿಯಬೇಡಿ. ಕಿಡ್ನಿ ತೊಂದರೆ, ಅಲರ್ಜಿ ಇದ್ದರೆ ಇಂಜೆಕ್ಷನ್ನಿಗೆ ಮೊದಲೇ ಹೇಳಿ. ಎರಡನೇ ಸ್ಕ್ಯಾನನ್ನು ಆದಷ್ಟೂ ಮೊದಲನೆಯದನ್ನು ಮಾಡಿಸಿದ ಕಡೆಯೇ ಮಾಡಿಸಿ. ಬರೀ ರಿಪೋರ್ಟಿನ ಹಾಳೆಯಲ್ಲ, ಹಳೆಯ ಸ್ಕ್ಯಾನಿನ ಸಿಡಿಯನ್ನೂ ಜೊತೆಗೆ ಒಯ್ಯಿರಿ.