ಕಾನ್ಪುರದ ಗುಜರಿಯಿಂದ ಎದ್ದ ಲಿಬರೇಟರ್ ವಿಮಾನಗಳು

ಕೆಟ್ಟುಹೋದ ಬಸ್ಸೊಂದನ್ನು ರಿಪೇರಿ ಮಾಡಿ ಓಡಿಸಿದರೆ ನಾವು ಬೆರಗಾಗುವುದಿಲ್ಲ. ದಾರಿಯಲ್ಲಿ ಮತ್ತೆ ಕೆಟ್ಟರೆ ಎಲ್ಲರೂ ಇಳಿದು ತಳ್ಳಬಹುದು. ವಿಮಾನಕ್ಕೆ ಆ ಅನುಕೂಲವಿಲ್ಲ. ಹೀಗಿರುವಾಗ, ಬೇಕೆಂದೇ ಹಾಳುಗೆಡವಿದ್ದ ಸುಮಾರು ನಲವತ್ತು ದೊಡ್ಡ ಬಾಂಬರ್ ವಿಮಾನಗಳನ್ನು ಬೆಂಗಳೂರಿನ ಕೆಲಸಗಾರರು ಮತ್ತೆ ಹಾರಿಸಿದರೆಂದರೆ ನಂಬುವುದು ಕಷ್ಟ. ಆದರೂ ಅದು ನಡೆದ ಸಂಗತಿ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕವು ಬಿ-೨೪ ಲಿಬರೇಟರ್ ಎಂಬ ಬಾಂಬರ್‌ಗಳನ್ನು ೧೮,೦೦೦ಕ್ಕೂ ಹೆಚ್ಚು ತಯಾರಿಸಿತು. ನಾಲ್ಕು ಎಂಜಿನ್, ಒಂದೊಂದಕ್ಕೂ ೧,೨೦೦ ಅಶ್ವಶಕ್ತಿ. ರೆಕ್ಕೆಯ ತುದಿಯಿಂದ ತುದಿಗೆ ೩೩ ಮೀಟರಿಗೂ ಹೆಚ್ಚು. ಇವುಗಳಲ್ಲಿ ಕೆಲವನ್ನು ಬ್ರಿಟಿಷರಿಗೆ ಎರವಲಾಗಿ ಕೊಡಲಾಗಿತ್ತು. ಯುದ್ಧ ಮುಗಿದ ಮೇಲೆ ಎರವಲು ತಂದದ್ದನ್ನು ಹಿಂದಿರುಗಿಸಬೇಕು, ಇಲ್ಲವೇ ನಾಶಮಾಡಬೇಕು ಎಂಬುದು ಕರಾರು. ಕಾನ್ಪುರದಲ್ಲಿ ನಿಲ್ಲಿಸಿದ್ದ ಲಿಬರೇಟರ್‌ಗಳಿಗೆ ಎರಡನೆಯ ಗತಿ ಬಂತು. ಎಂಜಿನ್ನಿಗೆ ಮರಳು ಸುರಿದರು, ಉಪಕರಣಗಳನ್ನು ಒಡೆದರು, ಕೆಲವನ್ನು ಕ್ರೇನಿನಿಂದ ಎತ್ತಿ ಕೆಳಗೆ ಬಿಟ್ಟರು ಎಂದು ಹೇಳುತ್ತಾರೆ.

ಸ್ವತಂತ್ರ ಭಾರತದ ವಾಯುಪಡೆಗೆ ಭಾರಿ ಬಾಂಬರ್‌ಗಳು ಬೇಕಾಗಿದ್ದವು. ಹೊಸದನ್ನು ಕೊಳ್ಳುವುದು ಸುಲಭವಿರಲಿಲ್ಲ. ಆಗ ನೆನಪಾದದ್ದು ಕಾನ್ಪುರದ ಗುಜರಿ. ಈ ಕೆಲಸ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಪಾಲಿಗೆ ಬಂತು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ ೧೯೪೦ರಲ್ಲಿ ಸ್ಥಾಪಿಸಿದ ಈ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕನ್ ವಿಮಾನಗಳನ್ನು ದುರಸ್ತಿ ಮಾಡಿ ಕೈ ಪಳಗಿಸಿಕೊಂಡಿತ್ತು.

ಇಷ್ಟು ದೊಡ್ಡ ವಿಮಾನವನ್ನು ಲಾರಿಯಲ್ಲಿ ಹೇರಿ ತರಲಾಗದು. ಆದ್ದರಿಂದ ಕಾನ್ಪುರದಲ್ಲಿ ಅದನ್ನು ಒಂದು ಸಲ ಹಾರುವಷ್ಟರ ಮಟ್ಟಿಗೆ ಮಾತ್ರ ಸರಿಪಡಿಸಿದರು. ಒಂದರ ಚಕ್ರ, ಇನ್ನೊಂದರ ಎಂಜಿನ್ ಎಂಬಂತೆ. ಅಲ್ಲಿಂದ ಬೆಂಗಳೂರಿಗೆ ಹಾರಿಸಿ ತಂದವರು ಕಾರ್ಖಾನೆಯ ಪರೀಕ್ಷಾ ವೈಮಾನಿಕ ಜಮ್ಶೆಡ್ ಮುನ್ಷಿ. ಅದಕ್ಕೆ ಮೊದಲು ಅವರು ಲಿಬರೇಟರನ್ನು ನಡೆಸಿದ್ದೇ ಇಲ್ಲವಂತೆ! ಪೂರ್ಣ ದುರಸ್ತಿ ನಡೆದದ್ದು ಬೆಂಗಳೂರಿನಲ್ಲಿ.

ಈ ದುರಸ್ತಿ ಎಂದರೇನು? ವಿಮಾನದ ಮೈ ತಾಮ್ರ ಬೆರೆಸಿದ ಅಲ್ಯೂಮಿನಿಯಮ್ ತಗಡಿನದು. ತಾಮ್ರ ಸೇರಿದರೆ ತಗಡು ಗಟ್ಟಿಯಾಗುತ್ತದೆ, ಆದರೆ ತೇವಕ್ಕೆ ಬೇಗ ಸವೆಯುತ್ತದೆ. ಕಬ್ಬಿಣದ ತುಕ್ಕು ಕೆಂಪಾದರೆ ಇದರದು ಬಿಳಿಯ ಪುಡಿ. ಉಕ್ಕಿನ ಬೋಲ್ಟು ತಗಲುವ ಕಡೆ ಹಾವಳಿ ಇನ್ನೂ ಹೆಚ್ಚು. ಕೆಟ್ಟ ತಗಡನ್ನು ಬಿಚ್ಚಲು ರಿವೆಟ್‌ಗಳನ್ನು ಒಂದೊಂದಾಗಿ ಕೊರೆದು ತೆಗೆಯಬೇಕು. ಹೊಸ ರಿವೆಟ್ ಹೊಡೆಯಲು ಇಬ್ಬರು ಬೇಕು: ಹೊರಗೊಬ್ಬ ಗಾಳಿಯ ಸುತ್ತಿಗೆ ಹಿಡಿಯುತ್ತಾನೆ, ಒಳಗೊಬ್ಬ ಉಕ್ಕಿನ ಗಟ್ಟಿಯನ್ನು ಒತ್ತಿ ನಿಲ್ಲುತ್ತಾನೆ. ಒಬ್ಬರ ಮುಖ ಒಬ್ಬರಿಗೆ ಕಾಣದು, ಸದ್ದೇ ಸಂಜ್ಞೆ. ಒಂದು ರಿವೆಟ್ ಸೊಟ್ಟಗಾದರೆ ಅದನ್ನೂ ಕೊರೆದು ತೆಗೆಯಬೇಕು. ಇಂಥವು ಒಂದು ವಿಮಾನದಲ್ಲಿ ಲಕ್ಷಗಟ್ಟಲೆ. ಒಣಗಿ ಬಿರಿದ ರಬ್ಬರ್ ಕೊಳವೆಗಳನ್ನು ಬದಲಿಸುವುದು, ತಂತಿಗಳನ್ನು ಪರೀಕ್ಷಿಸುವುದು ಬೇರೆ.

೧೯೪೮ರ ನವೆಂಬರಿನಲ್ಲಿ ವಾಯುಪಡೆಯ ೫ನೆಯ ದಳ ಲಿಬರೇಟರ್‌ಗಳೊಡನೆ ಆರಂಭವಾಯಿತು. ಮುಂದೆ ೬ನೆಯ ದಳ ಇವುಗಳಿಂದ ಸಮುದ್ರದ ಕಾವಲು ಕಾಯಿತು. ೧೯೬೮ರಲ್ಲಿ ಇವು ನಿವೃತ್ತವಾಗುವಷ್ಟರಲ್ಲಿ ಬೇರೆ ದೇಶಗಳಲ್ಲಿ ಬಹುತೇಕ ಲಿಬರೇಟರ್‌ಗಳು ಕರಗಿ ಲೋಹವಾಗಿದ್ದವು. ಆಗ ಜಗತ್ತಿನ ವಸ್ತುಸಂಗ್ರಹಾಲಯಗಳು ಭಾರತದ ಬಾಗಿಲು ತಟ್ಟಿದವು. ೧೯೬೮ರಲ್ಲಿ ಒಂದು ಕೆನಡಾಕ್ಕೆ ಹೋಯಿತು. ೧೯೬೯ರಲ್ಲಿ ಇನ್ನೊಂದು ಅಮೆರಿಕದ ಅರಿಜೋನಕ್ಕೆ. ೧೯೭೪ರಲ್ಲಿ ಮತ್ತೊಂದು ಇಂಗ್ಲೆಂಡಿಗೆ. ನಾಶಮಾಡಿ ಹೋದವರ ನಾಡಿಗೇ ನಮ್ಮಿಂದ ಉಡುಗೊರೆ!

ಇಂಥ ವಿಮಾನವನ್ನು ಹಾರಿಸಬೇಕೇ, ನಿಲ್ಲಿಸಿಡಬೇಕೇ ಎಂಬ ವಾದ ಇಂದಿಗೂ ಇದೆ. ಭಾರತದಿಂದ ಹೋದ ಇನ್ನೊಂದು ಲಿಬರೇಟರನ್ನು ಅಮೆರಿಕದ ಸಂಸ್ಥೆಯೊಂದು ೧೯೮೪ರಲ್ಲಿ ಕೊಂಡು, ಪೂರ್ತಿ ಬಿಚ್ಚಿ ಕಟ್ಟಿ ೧೯೮೯ರಲ್ಲಿ ಹಾರಿಸಿತು. ಎಂಜಿನ್ನಿನ ಸದ್ದು ಕೇಳಿ ಹಳೆಯ ಸೈನಿಕರು ಕಣ್ಣೀರಿಟ್ಟರೆ ಆಶ್ಚರ್ಯವಿಲ್ಲ. ಆದರೆ ಅದೇ ಸಂಸ್ಥೆಯ ಬಿ-೧೭ ಬಾಂಬರ್ ೨೦೧೯ರ ಅಕ್ಟೋಬರ್ ೨ರಂದು ಕೆಳಗೆ ಬಿದ್ದು ೭ ಮಂದಿ ತೀರಿಕೊಂಡರು. ಅಪಾಯವೊಂದೇ ಅಲ್ಲ, ಹಾರಿಸಬೇಕಾದರೆ ಹಳೆಯ ತಗಡು, ತಂತಿಗಳನ್ನು ತೆಗೆದು ಹೊಸದನ್ನು ಹಾಕುತ್ತಲೇ ಇರಬೇಕು. ಬೆಂಗಳೂರಿನವರು ಹಾಕಿದ ತೇಪೆಯೂ ಹಾಗೆ ಕಸದ ಬುಟ್ಟಿ ಸೇರಬಹುದು. ಒಂದೆರಡು ಹಾರಲಿ, ಉಳಿದವು ನಿಂತೇ ಇರಲಿ ಎಂಬುದು ನಮ್ಮ ಅಭಿಪ್ರಾಯ.

ನಿಲ್ಲಿಸಿಟ್ಟರೆ ಕೆಲಸ ಮುಗಿಯಿತೆಂದಲ್ಲ. ಟೈರಿನ ಮೇಲಿನ ಭಾರ ತಗ್ಗಿಸಲು ಆಧಾರ ಕೊಡಬೇಕು, ನೀರು ಬಸಿಯುವ ರಂಧ್ರಗಳನ್ನು ಬಿಡಿಸುತ್ತಿರಬೇಕು, ಎಂಜಿನ್ನಿನೊಳಗೆ ಗೂಡು ಕಟ್ಟುವ ಹಕ್ಕಿಗಳನ್ನು ತಡೆಯಬೇಕು.

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಈ ಕಾರ್ಖಾನೆಯ ವಸ್ತುಸಂಗ್ರಹಾಲಯವಿದೆ. ೨೦೦೧ರಲ್ಲಿ ತೆರೆದ ಅಲ್ಲಿ ಮಾರುತ್, ಕಿರಣ್, ಅಜೀತ್ ವಿಮಾನಗಳನ್ನು ಹತ್ತಿರದಿಂದ ನೋಡಬಹುದು. ಲಿಬರೇಟರ್ ಮಾತ್ರ ಅಲ್ಲಿಲ್ಲ. ಅದನ್ನು ನೋಡಬೇಕಾದರೆ ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯಕ್ಕೇ ಹೋಗಬೇಕು.